ರವೆ, ಬದನೆಕಾಯಿ, ಟೊಮೆಟೊ: ರಾತ್ರಿಯೂಟಕ್ಕೆ ಸಿಸಿಲಿಯ ಪಾಸ್ತಾ

ಪ್ಯಾಕೆಟ್ ಪಾಸ್ತಾ, ಬಾಟಲಿಯ ಸಾಸ್, ಮೇಲೊಂದಿಷ್ಟು ಕ್ಯಾಪ್ಸಿಕಂ, ಸ್ವೀಟ್ ಕಾರ್ನ್, ಚೀಸ್. ನಮ್ಮ ಬಹಳಷ್ಟು ಮನೆಗಳಲ್ಲಿ ಪಾಸ್ತಾ ಎಂದರೆ ಇಷ್ಟೇ. ಎಲ್ಲವೂ ಒಂದೇ ಬಾಣಲೆಗೆ ಬಿದ್ದು ಯಾವ ತರಕಾರಿಯ ರುಚಿಯೂ ನಾಲಿಗೆಗೆ ಸಿಗದೆ ಹೋಗುತ್ತದೆ. ಇಟಲಿಯ ಸಿಸಿಲಿ ದ್ವೀಪದಲ್ಲಿ, ಎಟ್ನಾ ಜ್ವಾಲಾಮುಖಿಯ ಬುಡದಲ್ಲಿರುವ ಕತಾನಿಯಾ ನಗರದ ಅಡುಗೆ ಇದಕ್ಕೆ ತೀರಾ ಬೇರೆ. ಅಲ್ಲಿ ತರಕಾರಿ ಎರಡೇ: ಬದನೆಕಾಯಿ ಮತ್ತು ಟೊಮೆಟೊ. ಎರಡನ್ನೂ ಬೇರೆ ಬೇರೆಯಾಗಿ, ಅದರದರ ಹದಕ್ಕೆ ಬೇಯಿಸಿ ಕೊನೆಗೆ ಕೂಡಿಸುತ್ತಾರೆ. ಈ ಪಾಸ್ತಾಕ್ಕೆ ಅದೇ ಊರಿನಲ್ಲಿ 1801ರಲ್ಲಿ ಹುಟ್ಟಿದ ಸಂಗೀತಗಾರ ಬೆಲ್ಲೀನಿಯ ಒಪೆರಾದ ಹೆಸರನ್ನೇ ಇಟ್ಟು ‘ಅಲ್ಲಾ ನೋರ್ಮಾ’ ಎನ್ನುತ್ತಾರೆ.

ಬದನೆಕಾಯಿ ಮೂಲತಃ ನಮ್ಮ ಕಡೆಯದೇ. ಮಧ್ಯಯುಗದಲ್ಲಿ ಅರಬರು ಅದನ್ನು ಸಿಸಿಲಿಗೆ ಮುಟ್ಟಿಸಿದರು. ಹಾಗಾಗಿ ಸಂತೆಗೆ ಹೋಗಿ ಬಂದರೆ ಈ ಅಡುಗೆಗೆ ಬೇಕಾದ ಮುಖ್ಯ ಸಾಮಗ್ರಿಯೆಲ್ಲ ಸಿಕ್ಕಂತೆಯೇ.

ನಾಲ್ವರಿಗೆ ಬೇಕಾಗುವುದು

ಬನ್ಸಿ ರವೆ 400 ಗ್ರಾಂ, ಉಗುರುಬೆಚ್ಚಗಿನ ನೀರು ಸುಮಾರು 200 ಮಿಲಿಲೀಟರ್, ಸುಟ್ಟು ಗೊಜ್ಜು ಮಾಡುವ ಜಾತಿಯ ದೊಡ್ಡ ನೇರಳೆ ಬದನೆ ಎರಡು (600 ಗ್ರಾಂನಷ್ಟು), ಚೆನ್ನಾಗಿ ಹಣ್ಣಾದ ಟೊಮೆಟೊ 800 ಗ್ರಾಂ, ಬೆಳ್ಳುಳ್ಳಿ ಮೂರು ಎಸಳು, ಆಲಿವ್ ಎಣ್ಣೆ ಮೂರು ದೊಡ್ಡ ಚಮಚ, ಕರಿಯಲು ಕಡಲೆಕಾಯಿ ಎಣ್ಣೆ, ಒಂದು ಹಿಡಿ ಕಾಮಕಸ್ತೂರಿ ಎಲೆ, ಉಪ್ಪು.

ರವೆಯ ಬಗ್ಗೆ ಒಂದು ಮಾತು. ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯ ರವೆಯಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನನ್ನೇ ತಂದರು. ಆ ಗೋಧಿಯ ಹಿಟ್ಟು ಗಟ್ಟಿಯಾಗಿದ್ದು, ಕುದಿವ ನೀರಿನಲ್ಲೂ ಆಕಾರ ಬಿಡುವುದಿಲ್ಲ. ನಮ್ಮ ಉಪ್ಪಿಟ್ಟಿನ ಬನ್ಸಿ ರವೆಯೂ ಇದೇ ಡ್ಯೂರಮ್ ಜಾತಿಯ ಗೋಧಿಯದು, ಆದರೆ ತುಸು ದಪ್ಪ. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದುಕೊಳ್ಳಿ. ಅದು ಸಿಗದಿದ್ದರೆ ಚಿರೋಟಿ ರವೆ ಆದೀತು. ಮೈದಾ ಮಾತ್ರ ಬೇಡ, ಬೆಂದಾಗ ಅಂಟಂಟಾಗುತ್ತದೆ.

ಮೇಲೆ ತುರಿಯಲು ಸಿಸಿಲಿಯವರು ಬಳಸುವುದು ರಿಕೋಟಾ ಸಲಾತಾ, ಅಂದರೆ ಕುರಿ ಹಾಲಿನ ಹಾಲೊಡಕಿನಿಂದ ತೆಗೆದು ಉಪ್ಪು ಹಾಕಿ ಒತ್ತಿ ಒಣಗಿಸಿದ ಗಿಣ್ಣು. ಅದು ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹಿಂದಿನ ದಿನವೇ ಒಂದು ಲೀಟರ್ ಹಾಲನ್ನು ನಿಂಬೆರಸ ಹಾಕಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ಒಂದು ಚಮಚ ಉಪ್ಪು ಬೆರೆಸಿ ಭಾರವಿಟ್ಟು ಒತ್ತಿ. ರಾತ್ರಿಯಿಡೀ ಫ್ರಿಜ್‌ನಲ್ಲಿ ಮುಚ್ಚದೆ ಇಟ್ಟರೆ ಬೆಳಗ್ಗೆ ತುರಿಯುವಷ್ಟು ಗಟ್ಟಿಯಾಗಿರುತ್ತದೆ. ಅದೇ ರುಚಿ ಬಾರದು, ಆದರೆ ಪ್ಯಾಕೆಟ್ ಚೀಸ್‌ಗಿಂತ ಎಷ್ಟೋ ಮೇಲು.

ಮೊದಲು ಬದನೆಕಾಯಿ

ಬದನೆಯನ್ನು ಒಂದು ಅಂಗುಲದ ಹೋಳುಗಳಾಗಿ ಹೆಚ್ಚಿ. ಒಂದೂವರೆ ಚಮಚ ಉಪ್ಪು ಸವರಿ, ತೂತಿನ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಬಿಡಿ. ಕಹಿ ಹೋಗಲೆಂದು ಹೀಗೆ ಮಾಡುತ್ತಾರೆ ಎಂಬ ಮಾತಿದೆ. ಈಗಿನ ಬದನೆಗಳಲ್ಲಿ ಅಂಥ ಕಹಿಯೇನೂ ಇರುವುದಿಲ್ಲ. ನಿಜವಾದ ಲಾಭ ಬೇರೆ: ಬದನೆಯ ತಿರುಳಿನಲ್ಲಿ ಗಾಳಿ ತುಂಬಿದ ಸಣ್ಣ ಸಣ್ಣ ಪೊಳ್ಳುಗಳಿರುತ್ತವೆ, ಎಣ್ಣೆಗೆ ಬಿದ್ದೊಡನೆ ಅವೇ ಎಣ್ಣೆ ಹೀರುವುದು. ಉಪ್ಪು ನೀರನ್ನು ಎಳೆದಾಗ ತಿರುಳು ಕುಗ್ಗಿ ಆ ಪೊಳ್ಳುಗಳು ಮುಚ್ಚಿಕೊಳ್ಳುತ್ತವೆ. ತಳದಲ್ಲಿ ಕಂದು ನೀರು ನಿಂತಿರುವುದನ್ನು ನೀವೇ ನೋಡುತ್ತೀರಿ. ಹೋಳುಗಳನ್ನು ತೊಳೆದು, ಹಿಂಡಿ, ಬಟ್ಟೆಯಲ್ಲಿ ಒತ್ತಿ ಒಣಗಿಸಿ.

ಹಿಟ್ಟು ನಾದುವುದು

ಬದನೆ ನೀರು ಬಿಡುತ್ತಿರುವಾಗಲೇ ರವೆಗೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ ಕಲಸಿ. ಮೊದಮೊದಲು ಪುಡಿಪುಡಿಯಾಗಿ ಇದು ಕೂಡುವುದೇ ಇಲ್ಲವೇನೋ ಎನಿಸುತ್ತದೆ. ಆತುರಪಟ್ಟು ನೀರು ಸುರಿಯಬೇಡಿ. ರವೆ ನೀರು ಕುಡಿಯಲು ಸಮಯ ತೆಗೆದುಕೊಳ್ಳುತ್ತದೆ. ಅಂಗೈಯ ಬುಡದಿಂದ ಒತ್ತಿ ಒತ್ತಿ ಹತ್ತು ನಿಮಿಷ ನಾದಿದರೆ ಮೇಲ್ಮೈ ನಯವಾಗುತ್ತದೆ. ಪೂರಿ ಹಿಟ್ಟಿಗಿಂತ ತುಸು ಗಟ್ಟಿ ಇರಲಿ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ.

ಆ ಅರ್ಧ ಗಂಟೆಯಲ್ಲಿ ಬದನೆಯನ್ನು ಕರಿದುಕೊಳ್ಳಿ. ಎಣ್ಣೆ ಚೆನ್ನಾಗಿ ಕಾದಿರಲಿ, ಒಂದು ಹೋಳು ಹಾಕಿದರೆ ಸುತ್ತಲೂ ನೊರೆಯೇಳಬೇಕು. ಒಮ್ಮೆಗೆ ಎರಡು ಹಿಡಿಗಿಂತ ಹೆಚ್ಚು ಹಾಕಿದರೆ ಎಣ್ಣೆ ತಣ್ಣಗಾಗಿ ಹೋಳು ಎಣ್ಣೆ ಕುಡಿಯುತ್ತದೆ. ಹೊರಗೆ ಕಂದು ಬಣ್ಣ, ಒಳಗೆ ಬೆಣ್ಣೆಯ ಮೆದು ಬಂದಾಗ ತೆಗೆಯಿರಿ.

ಟೊಮೆಟೊ ಸಾಸ್

ಟೊಮೆಟೊದ ತಳಕ್ಕೆ ಅಡ್ಡಗೆರೆ ಕೊಯ್ದು ಕುದಿವ ನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ಸಿಪ್ಪೆ ಸಲೀಸಾಗಿ ಬಿಡುತ್ತದೆ. ತಿರುಳು ಹೆಚ್ಚಿರುವ ಉದ್ದನೆಯ ಟೊಮೆಟೊ ಮುಕ್ಕಾಲು ಪಾಲು, ಹುಳಿಗಾಗಿ ನಾಟಿ ಟೊಮೆಟೊ ಕಾಲು ಪಾಲು ಇದ್ದರೆ ಹದ ಸರಿಯಾಗುತ್ತದೆ. ಆಲಿವ್ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿಯನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗಷ್ಟೇ ಬಾಡಿಸಿ, ಕೆಂಪಾಗಲು ಬಿಡಬೇಡಿ. ಹೆಚ್ಚಿದ ಟೊಮೆಟೊ, ಉಪ್ಪು ಹಾಕಿ 25 ನಿಮಿಷ ಮುಚ್ಚದೆ ಬೇಯಿಸಿ. ಗರಂ ಮಸಾಲೆ, ಸಕ್ಕರೆ, ಕೆಚಪ್ ಯಾವುದೂ ಬೇಡ. ಒಲೆ ಆರಿಸಿದ ಮೇಲೆ ಕಾಮಕಸ್ತೂರಿಯನ್ನು ಕೈಯಿಂದ ಹರಿದು ಹಾಕಿ. ನಮ್ಮ ಅಂಗಳದ ಗಿಡದ ಘಾಟು ಜೋರು, ಅದಾದರೆ ಹಿಡಿಯ ಬದಲು ಏಳೆಂಟು ಎಲೆ ಸಾಕು. ತುಳಸಿಯನ್ನು ಅದರ ಬದಲಿಗೆ ಬಳಸಬೇಡಿ, ರುಚಿಯೇ ಬೇರೆಯಾಗುತ್ತದೆ.

ಕವಾತಿ ಹೊಸೆಯುವುದು

ಸಿಸಿಲಿಯ ರಗೂಸಾ ಕಡೆಯ ‘ಕವಾತಿ’ ಎಂಬ ಆಕಾರಕ್ಕೆ ಯಂತ್ರವೂ ಬೇಡ, ಲಟ್ಟಣಿಗೆಯೂ ಬೇಡ. ಹಿಟ್ಟನ್ನು ಕಿರುಬೆರಳಿಗಿಂತ ಸಪೂರವಾದ ಎಳೆಗಳಾಗಿ ಹೊಸೆದು, ಎರಡು ಸೆಂಟಿಮೀಟರ್ ಉದ್ದಕ್ಕೆ ತುಂಡರಿಸಿ. ಪ್ರತಿ ತುಂಡನ್ನೂ ಮಣೆಯ ಮೇಲಿಟ್ಟು ಎರಡು ಬೆರಳ ತುದಿಯಿಂದ ಒತ್ತಿ ನಿಮ್ಮ ಕಡೆಗೆ ಎಳೆಯಿರಿ. ನಡುವೆ ಕುಳಿ ಬಿದ್ದು, ಅಂಚು ಒಳಮಡಚಿ, ಕವಡೆಯ ಹಾಗೆ ಸುರುಳಿಗೊಳ್ಳುತ್ತದೆ. ಸಾಸ್ ನಿಲ್ಲುವುದು ಆ ಕುಳಿಯಲ್ಲೇ, ಆದ್ದರಿಂದ ಒತ್ತುವಾಗ ಸಂಕೋಚ ಬೇಡ. ಉತ್ತರ ಕರ್ನಾಟಕದ ಗವಲಿ ಹೊಸೆದು ಬಲ್ಲ ಅಜ್ಜಿಯೋ ಅತ್ತೆಯೋ ಮನೆಯಲ್ಲಿದ್ದರೆ ಈ ಕೆಲಸಕ್ಕೆ ಕೂರಿಸಿಕೊಳ್ಳಿ. ಅವರ ಬೆರಳಿಗೆ ಇದು ಕೂಡಲೇ ಹತ್ತುತ್ತದೆ. ಮಕ್ಕಳೂ ಬೇಗ ಕಲಿಯುತ್ತಾರೆ. ಆದದ್ದನ್ನು ರವೆ ಉದುರಿಸಿದ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ.

ಬೇಯಿಸಿ ಕೂಡಿಸುವುದು

ನಾಲ್ಕು ಲೀಟರ್ ನೀರು ಕುದಿಸಿ ಎರಡು ದೊಡ್ಡ ಚಮಚ ಉಪ್ಪು ಹಾಕಿ. ನೀರಿಗೆ ಎಣ್ಣೆ ಹಾಕುವ ರೂಢಿ ಬಿಟ್ಟುಬಿಡಿ, ಆ ಎಣ್ಣೆಯಿಂದ ಸಾಸ್ ಪಾಸ್ತಾಕ್ಕೆ ಹಿಡಿಯದೆ ಜಾರುತ್ತದೆ. ಕವಾತಿ ಮೇಲೆ ತೇಲಿದ ಮಾತ್ರಕ್ಕೆ ಬೆಂದಿತೆಂದಲ್ಲ, ಐದು ನಿಮಿಷದ ನಂತರ ಒಂದನ್ನು ಕಚ್ಚಿ ನೋಡಿ. ನಡುವೆ ಇನ್ನೂ ತುಸು ಬಿಗಿ ಇರುವಾಗಲೇ ತೂತಿನ ಸೌಟಿನಿಂದ ಎತ್ತಿ ನೇರ ಸಾಸ್‌ಗೆ ಹಾಕಿ. ತಣ್ಣೀರಿನಲ್ಲಿ ತೊಳೆಯಬೇಡಿ. ಬೆಂದ ನೀರಿನ ಗಂಜಿಯಂಶವೇ ಎಣ್ಣೆಯನ್ನೂ ಟೊಮೆಟೊ ರಸವನ್ನೂ ಕೂಡಿಸುವ ಅಂಟು. ಆ ನೀರನ್ನು ಒಂದು ಸೌಟು ಬೆರೆಸಿ, ದೊಡ್ಡ ಉರಿಯಲ್ಲಿ ಒಂದು ನಿಮಿಷ ತಿರುವಿದರೆ ಸಾಸ್ ಹೊಳೆಯುತ್ತ ಪ್ರತಿ ಕುಳಿಯೊಳಗೂ ಇಳಿಯುತ್ತದೆ.

ಅರ್ಧ ಬದನೆಯನ್ನು ಈಗ ಬೆರೆಸಿ, ಉಳಿದರ್ಧ ತಟ್ಟೆಗೆ ಬಡಿಸಿದ ಮೇಲೆ. ಗಿಣ್ಣನ್ನು ಧಾರಾಳವಾಗಿ ತುರಿಯಿರಿ. ಬಿಸಿಯಾಗಿ, ತಕ್ಷಣವೇ ತಿನ್ನಬೇಕು, ಮತ್ತೆ ಬಿಸಿ ಮಾಡಿದರೆ ಬದನೆ ಮುದ್ದೆಯಾಗುತ್ತದೆ. ಬೇಯಿಸದ ಕವಾತಿ ಉಳಿದರೆ ಫ್ರೀಜರ್‌ನಲ್ಲಿ ತಟ್ಟೆಯ ಮೇಲೆ ಬಿಡಿಬಿಡಿಯಾಗಿ ಗಟ್ಟಿಗೊಳಿಸಿ, ಆಮೇಲೆ ಡಬ್ಬಿಗೆ ತುಂಬಿಡಿ. ಬೇಕೆಂದಾಗ ಕರಗಿಸದೆ ಹಾಗೆಯೇ ಕುದಿವ ನೀರಿಗೆ ಹಾಕಬಹುದು.