ಫೋನ್ ಕಳೆಯುವ ಮೊದಲೇ ಐಎಂಇಐ ಬರೆದಿಡಿ

ಮನೆಯವರೆಲ್ಲರ ಫೋನಿನಲ್ಲೂ ಇವತ್ತೇ *#06# ಒತ್ತಿ, ತೆರೆಯ ಮೇಲೆ ಬರುವ 15 ಅಂಕಿಯ ಐಎಂಇಐ, ಅಂದರೆ ಹ್ಯಾಂಡ್‌ಸೆಟ್ಟಿನ ಗುರುತಿನ ನಂಬರನ್ನು ಕಾಗದದಲ್ಲಿ ಬರೆದು ರೇಷನ್ ಕಾರ್ಡಿನ ಜೊತೆ ಇಡಿ. ಎರಡು ಸಿಮ್ಮಿನ ಫೋನಾದರೆ ಎರಡು ನಂಬರ್ ಬರುತ್ತವೆ, ಎರಡೂ ಬೇಕು. ಅದೇ ಫೋನಿನಲ್ಲಿ ಸ್ಕ್ರೀನ್‌ಶಾಟ್ ಇಟ್ಟರೆ ಫೋನಿನ ಜೊತೆ ಅದೂ ಹೋಗುತ್ತದೆ. ಶರಣಬಸವೇಶ್ವರ ಜಾತ್ರೆಯಲ್ಲೋ ಸೂಪರ್ ಮಾರ್ಕೆಟ್ ಗದ್ದಲದಲ್ಲೋ ಫೋನ್ ಹೋದರೆ ಪೊಲೀಸರಿಗೆ ದೂರು ಕೊಟ್ಟು, ಅದರ ಪ್ರತಿ ಮತ್ತು ಈ ನಂಬರ್ ಹಾಕಿ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ, ಕಳೆದ ಫೋನ್ ಬ್ಲಾಕ್ ಮಾಡುವ ಸಿಇಐಆರ್ ವಿಭಾಗದಲ್ಲಿ ಬ್ಲಾಕ್ ಮಾಡಿಸಿ. ಐಎಂಇಐ ಇರುವುದು ಸಿಮ್ಮಿನಲ್ಲಲ್ಲ, ಹ್ಯಾಂಡ್‌ಸೆಟ್ಟಿನಲ್ಲಿ. ಹಾಗಾಗಿ ಕಳ್ಳ ಯಾವ ಕಂಪನಿಯ ಸಿಮ್ ಹಾಕಿದರೂ ನೆಟ್‌ವರ್ಕ್ ಸಿಗುವುದಿಲ್ಲ, ಹಾಕಿದ ಸುಳಿವು ಪೊಲೀಸರಿಗೆ ಸಿಗುತ್ತದೆ. ಜನ ಎಡವುವುದು ಈ ಬ್ಲಾಕ್ ಅರ್ಜಿಗೆ ಬೇಕಾದ ಒಟಿಪಿಯಲ್ಲಿ. ಕಳೆದ ನಂಬರಿನದೇ ಡೂಪ್ಲಿಕೇಟ್ ಸಿಮ್ ಮೊದಲು ತೆಗೆಸಬೇಕು, ಅದಕ್ಕೆ ಎಸ್ಸೆಮ್ಮೆಸ್ ಶುರುವಾಗಲು 24 ಗಂಟೆವರೆಗೂ ಹಿಡಿಯಬಹುದು. ಅಷ್ಟರೊಳಗೆ ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ. ದುಡ್ಡು ಹೋಗಿದ್ದರೆ ಒಂದು ಕ್ಷಣವೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇದು ಎಲ್ಲಕ್ಕಿಂತ ಮುಖ್ಯ. ಐಎಂಇಐ ತಿದ್ದಿದ್ದರೆ, ಬಿಚ್ಚಿ ಬಿಡಿಭಾಗವಾಗಿ ಮಾರಿದ್ದರೆ, ಬರೀ ವೈಫೈನಲ್ಲಿ ಬಳಸುತ್ತಿದ್ದರೆ ಬ್ಲಾಕ್ ಉಪಯೋಗಕ್ಕೆ ಬರುವುದಿಲ್ಲ. ಬ್ಲಾಕ್ ಮಾಡಿಸಿದಾಗ ಸಿಗುವ ಅರ್ಜಿಯ ಐಡಿ ಜೋಪಾನವಾಗಿಡಿ, ಫೋನ್ ಸಿಕ್ಕಮೇಲೆ ಅನ್‌ಬ್ಲಾಕ್ ಮಾಡಲು ಅದೇ ಬೇಕು. ಹಳೇ ಫೋನ್ ಕೊಳ್ಳುವವರು ದುಡ್ಡು ಕೊಡುವ ಮೊದಲು ಇಂಗ್ಲಿಷಿನಲ್ಲಿ KYM ಎಂದು ಬರೆದು, ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಬ್ಲ್ಯಾಕ್‌ಲಿಸ್ಟ್ ಅಥವಾ ಡೂಪ್ಲಿಕೇಟ್ ಎಂದು ಬಂದರೆ ಎಷ್ಟೇ ಅಗ್ಗವಿದ್ದರೂ ಮುಟ್ಟಬೇಡಿ.