ಹಳೆಯ ಎಂಜಿಬಿ ಕಾರಿಗೆ ಹೊಸ ಹೆಡ್‌ಲೈಟ್ ಜೋಡಿಸುವ ಕ್ರಮ

ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು 1962ರಿಂದ 1980ರವರೆಗೆ ತಯಾರಾಯಿತು. ಅದರ ಹೆಡ್‌ಲೈಟ್ 7 ಇಂಚಿನ ದುಂಡನೆಯದು. ನಮ್ಮ ಅಂಬಾಸಿಡರ್ ಕಾರಿಗೂ ಹಳೆಯ ಜೀಪುಗಳಿಗೂ ಇದ್ದದ್ದು ಇದೇ ಅಳತೆ. ಆದ್ದರಿಂದ ದಾವಣಗೆರೆಯಲ್ಲಿದ್ದುಕೊಂಡು ಇಂತಹ ಕಾರನ್ನು ಮೊದಲಿನ ಸ್ಥಿತಿಗೆ ತರುವವರಿಗೆ ಗಾಜು ಮತ್ತು ಬಲ್ಬು ಸಿಗುವುದು ಕಷ್ಟವೇನಲ್ಲ. ತೊಡಕೆಲ್ಲ ಇರುವುದು ಗಾಜಿನ ಹಿಂದಿನ ಬಟ್ಟಲಿನಲ್ಲಿ, ಅರ್ಧ ಶತಮಾನ ಬಿಸಿಲು ಧೂಳು ಕಂಡ ವೈರಿನಲ್ಲಿ. ಅವೆರಡನ್ನೂ ಸರಿಪಡಿಸದೆ ಎಷ್ಟು ಬೆಲೆಯ ಗಾಜು ಕೂರಿಸಿದರೂ ರಾತ್ರಿ ರಸ್ತೆ ಕಾಣುವುದಿಲ್ಲ.

ಕೆಲಸಕ್ಕೆ ಮುನ್ನ ಬ್ಯಾಟರಿಯ ಸಂಪರ್ಕ ತೆಗೆಯಬೇಕು. ಮೊದಲ ಮಾದರಿಗಳಲ್ಲಿ 6 ವೋಲ್ಟಿನ ಎರಡು ಬ್ಯಾಟರಿಗಳು ಸೀಟಿನ ಹಿಂದೆ ಇರುತ್ತವೆ. 1967ರಲ್ಲಿ ಮಾರ್ಕ್ 2 ಎಂಬ ಎರಡನೆಯ ಮಾದರಿ ಬರುವವರೆಗಿನ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಕಾರಿನ ತಗಡಿಗೆ ಸೇರಿರುತ್ತದೆ ಎಂಬುದನ್ನು ಮರೆಯಬಾರದು. ಹ್ಯಾಲೋಜನ್ ಬಲ್ಬಿಗೆ ಇದರಿಂದ ವ್ಯತ್ಯಾಸವಾಗದು. ಪ್ಲಸ್ ಮೈನಸ್ ಅದಲುಬದಲಾದರೆ ಉರಿಯದ ಎಲ್‌ಇಡಿ ಬಲ್ಬು ಹಾಕಹೊರಟರೆ ಮಾತ್ರ ತೊಂದರೆ.

ಹೊರಗಿನ ಕ್ರೋಮ್ ರಿಂಗನ್ನು ತೆಗೆದ ಮೇಲೆ ಒಳಗಿನ ರಿಂಗನ್ನು ಹಿಡಿದಿರುವ ಮೂರು ಸಣ್ಣ ಸ್ಕ್ರೂಗಳು ಕಾಣುತ್ತವೆ. ಸ್ಪ್ರಿಂಗ್ ಇರುವ ಉದ್ದನೆಯ ಸ್ಕ್ರೂಗಳು ಬೆಳಕಿನ ದಿಕ್ಕು ಹೊಂದಿಸುವಂಥವು. ಅವನ್ನು ಈಗ ಮುಟ್ಟಬಾರದು. ತುಕ್ಕು ಹಿಡಿದ ಸ್ಕ್ರೂಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ತಲೆ ಮುರಿಯುವುದು ತಪ್ಪುತ್ತದೆ.

ಗಾಜು ಹೊರಬಂದ ಬಳಿಕ ಬಟ್ಟಲನ್ನೂ ಮಡ್‌ಗಾರ್ಡಿನಿಂದ ಬಿಚ್ಚಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಚಕ್ರ ಎರಚುವ ಕೆಸರು ನೇರವಾಗಿ ಇದರ ಬೆನ್ನಿಗೇ ಬಡಿಯುತ್ತದೆ. ನನ್ನ ಕಾರಿನ ಎಡಬದಿಯ ಬಟ್ಟಲನ್ನು ಎಳೆದಾಗ, ಭದ್ರಾ ನಾಲೆಯ ಗದ್ದೆಬಯಲಿನ ಕಪ್ಪು ಕೆಸರು ಒಣಗಿ, ಕಟಕಲು ರೊಟ್ಟಿಯ ಚೂರುಗಳಂತೆ ಕೈಗೆ ಬಿತ್ತು. ಅದರ ಜೊತೆಗೆ ಬೆರಳಗಲದ ತಗಡೂ ಕಳಚಿ ಬಂತು. ಬಟ್ಟಲು ತೂತಾಗಿದ್ದರೆ ಹೊಸದನ್ನೇ ಹಾಕಬೇಕು. ಗಟ್ಟಿಯಾಗಿದ್ದರೆ ತುಕ್ಕನ್ನು ಉಜ್ಜಿ ತೆಗೆದು, ಪ್ರೈಮರ್ ಮತ್ತು ಬಣ್ಣ ಹಚ್ಚಿ, ಮಡ್‌ಗಾರ್ಡಿಗೂ ಬಟ್ಟಲಿಗೂ ನಡುವೆ ಹೊಸ ರಬ್ಬರ್ ಇಟ್ಟು ಕೂರಿಸಬೇಕು. ವೈರು ಹಾದುಬರುವ ರಂಧ್ರದ ರಬ್ಬರನ್ನೂ ಬದಲಿಸದಿದ್ದರೆ ತಗಡಿನ ಅಂಚು ಒಂದಲ್ಲ ಒಂದು ದಿನ ವೈರನ್ನು ಕೊರೆಯುತ್ತದೆ.

ವೈರುಗಳ ಬಣ್ಣ ಗುರುತಿಸುವುದು ಸುಲಭ. ನೀಲಿಯ ಮೇಲೆ ಬಿಳಿ ಗೆರೆ ಇರುವುದು ಹೈ ಬೀಮ್, ನೀಲಿಯ ಮೇಲೆ ಕೆಂಪು ಗೆರೆ ಇರುವುದು ಡಿಪ್, ಕಪ್ಪು ಅರ್ತಿಂಗ್. ಅರ್ತಿಂಗ್ ವೈರು ಕಾರಿನ ತಗಡಿಗೆ ಸೇರುವ ಜಾಗದಲ್ಲಿ ಬಣ್ಣವನ್ನು ಕೆರೆದು ಲೋಹ ಹೊಳೆಯುವಂತೆ ಮಾಡಬೇಕು. ಮೂಲ ವ್ಯವಸ್ಥೆಯಲ್ಲಿ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್ಚು, ಇಲ್ಲ; ಹೈ ಬೀಮಿನ ಸುಮಾರು 10 ಆಂಪಿಯರ್ ಕರೆಂಟು ಪೂರ್ತಿಯಾಗಿ ಹಳೆಯ ಸ್ವಿಚ್ಚಿನ ಮೂಲಕವೇ ಹರಿಯುತ್ತದೆ. ಆ ಹಾದಿಯಲ್ಲಿ ವೋಲ್ಟೇಜು ಶೇ. 10ರಷ್ಟು ಕುಸಿದರೆ ಬೆಳಕು ಸುಮಾರು ಶೇ. 30ರಷ್ಟು ಕುಗ್ಗುತ್ತದೆ. ಹೀಗಾಗಿ ಹೈ ಬೀಮಿಗೊಂದು, ಡಿಪ್ಪಿಗೊಂದು ರಿಲೇ ಹಾಕುವುದು ಒಳ್ಳೆಯದು. ರಿಲೇಯಲ್ಲಿ 30 ಎಂದು ಬರೆದಿರುವ ತುದಿಗೆ ಫ್ಯೂಸಿನ ಮೂಲಕ ಬ್ಯಾಟರಿಯ ಕರೆಂಟನ್ನೂ, 87ಕ್ಕೆ ಬಲ್ಬಿನ ವೈರನ್ನೂ, 86ಕ್ಕೆ ಸ್ವಿಚ್ಚಿನಿಂದ ಬರುವ ಹಳೆಯ ವೈರನ್ನೂ, 85ಕ್ಕೆ ಅರ್ತಿಂಗನ್ನೂ ಕೊಡಬೇಕು.

ಬಲ್ಬು 60/55 ವ್ಯಾಟಿನ ಎಚ್4, ಅಂದರೆ ಹೈ ಬೀಮ್ ಮತ್ತು ಡಿಪ್ ಎರಡೂ ಒಂದರಲ್ಲೇ ಇರುವ ಹ್ಯಾಲೋಜನ್ ಬಲ್ಬು, ಇರಲಿ. 100/90 ವ್ಯಾಟಿನದನ್ನು ಹಾಕಿಕೊಳ್ಳಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅದರ ಕಾವಿಗೆ ವೈರು ಮತ್ತು ಹೋಲ್ಡರು ಕರಗುತ್ತವೆ, ಎದುರಿನವರ ಕಣ್ಣೂ ಕುಕ್ಕುತ್ತದೆ. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು.

ಗಾಜು ಕೊಳ್ಳುವಾಗ ನಾನೊಮ್ಮೆ ಮೋಸಹೋದೆ. ವಿದೇಶದಿಂದ ತರಿಸಿದ ಜೋಡಿ ನೋಡಲು ಅಂದವಾಗಿತ್ತು. ಆದರೆ ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಸರ್ವಿಸ್ ರಸ್ತೆಗಿಳಿದ ಮೊದಲ ರಾತ್ರಿಯೇ ಎದುರು ಬಂದ ಲಾರಿಗಳೆಲ್ಲ ಲೈಟು ಮಿನುಗಿಸತೊಡಗಿದವು. ಬಿಚ್ಚಿ ನೋಡಿದಾಗ ಅದು ಬಲಬದಿ ಸಂಚಾರದ ದೇಶಗಳಿಗಾಗಿ ಮಾಡಿದ ಗಾಜು ಎಂದು ತಿಳಿಯಿತು. ಯುರೋಪಿನ ಮಾನ್ಯತೆಯ ಇ ಗುರುತಿರುವ ಗಾಜಿನಲ್ಲಿ ಸಂಚಾರದ ಬದಿ ತೋರಿಸುವ ಬಾಣವೇ ಇಲ್ಲದಿದ್ದರೆ ಅದು ನಮಗೆ ಹೊಂದುವುದಿಲ್ಲ. ಎದುರು ನಿಂತು ನೋಡುವವರ ಬಲಕ್ಕೆ ತಿರುಗಿದ ಬಾಣವಿರುವ ಗಾಜೇ ಎಡಬದಿ ಸಂಚಾರದ ನಮ್ಮ ರಸ್ತೆಗೆ ತಕ್ಕದ್ದು.

ಗಾಜನ್ನು ಅದರ ಕಚ್ಚುಗಳಿಗೆ ಸರಿಯಾಗಿ ಕೂರಿಸಿ, ಒಳಗಿನ ರಿಂಗಿನ ಸ್ಕ್ರೂಗಳನ್ನು ಬಿಗಿದು, ಬ್ಯಾಟರಿಯನ್ನು ಮತ್ತೆ ಜೋಡಿಸಿದ ಬಳಿಕ ಬೆಳಕಿನ ದಿಕ್ಕು ಹೊಂದಿಸಬೇಕು. ನಾನು ಇದಕ್ಕೆ ನಮ್ಮ ಓಣಿಯ ಹತ್ತಿ ಗೋದಾಮಿನ ಸುಣ್ಣ ಬಳಿದ ಗೋಡೆಯನ್ನು ಬಳಸುತ್ತೇನೆ. ಟೈರಿನ ಗಾಳಿ ಸರಿಯಿರಬೇಕು, ನೆಲ ಸಮತಟ್ಟಾಗಿರಬೇಕು, ಚಾಲಕನ ಸೀಟಿನಲ್ಲಿ ಒಬ್ಬರು ಕುಳಿತಿರಬೇಕು. ಕಾರನ್ನು ಗೋಡೆಯಿಂದ 5 ಮೀಟರ್ ದೂರದಲ್ಲಿ ನಿಲ್ಲಿಸಿ, ಹೆಡ್‌ಲೈಟಿನ ನಡುಬಿಂದುವಿನ ಎತ್ತರವನ್ನು ಗೋಡೆಯ ಮೇಲೆ ಗುರುತಿಸಿ, ಅದಕ್ಕಿಂತ 5 ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ ಎಳೆಯಬೇಕು. ಡಿಪ್ ಬೆಳಕಿನ ಮೇಲಂಚು ಬಲಕ್ಕೆ ಈ ಕೆಳಗೆರೆಯ ಮೇಲೆ ನೇರವಾಗಿ ನಿಂತು, ಎಡಕ್ಕೆ ಮೇಲೇರಬೇಕು. ಒಂದು ದೀಪ ಹೊಂದಿಸುವಾಗ ಇನ್ನೊಂದಕ್ಕೆ ದಪ್ಪ ಬಟ್ಟೆ ಅಡ್ಡ ಹಿಡಿದು, ಕೆಲಸ ಮುಗಿದ ಕೂಡಲೇ ತೆಗೆಯಿರಿ. ಹ್ಯಾಲೋಜನ್ ಕಾವಿಗೆ ಬಟ್ಟೆ ಸುಡಬಹುದು.

ಕ್ರೋಮ್ ರಿಂಗನ್ನು ಹಾಕಿದ ಮೇಲೆ ರಾತ್ರಿ ಚಿತ್ರದುರ್ಗದವರೆಗೆ ಹೋಗಿ ಬನ್ನಿ. ಮರಳಿ ಬಂದು ದೀಪ ಆರಿಸಿದ ಕೂಡಲೇ ರಿಲೇಯ ತುದಿಗಳನ್ನೂ ಅರ್ತಿಂಗ್ ಜಾಗವನ್ನೂ ಮುಟ್ಟಿ ನೋಡಿ. ಕೈ ತಾಳದಷ್ಟು ಬಿಸಿಯಿರುವ ಕಡೆ ಜೋಡಣೆ ಸಡಿಲವಾಗಿದೆ, ಅದನ್ನು ಬಿಚ್ಚಿ ಮತ್ತೆ ಬಿಗಿಯಬೇಕು.