ಯಾವುದು ಅದಿರು, ಯಾವುದು ಬರೀ ಕಲ್ಲು? ಗಣಿಯಲ್ಲಿ ಗೆರೆ ಎಳೆಯುವುದು ಹೀಗೆ

ಕಲಬುರಗಿ ಎಪಿಎಂಸಿಗೆ ತೊಗರಿ ಕೊಳ್ಳಲು ಬರುವ ದಾಲ್ ಮಿಲ್‌ನವರನ್ನು ನೋಡಿದ್ದೀರಾ? ರಾಶಿಗೆ ಕೈ ಹಾಕಿ ಒಂದು ಹಿಡಿ ಎತ್ತುತ್ತಾರೆ. ಅಂಗೈ ಮೇಲೆ ಹರಡುತ್ತಾರೆ. ಒಂದೆರಡು ಕಾಳು ಹಲ್ಲಲ್ಲಿ ಕಡಿಯುತ್ತಾರೆ. ಕ್ವಿಂಟಲ್‌ಗೆ ಬೇಳೆ ಎಷ್ಟು ಬಂದೀತು, ನುಚ್ಚು ಹೊಟ್ಟು ಎಷ್ಟು ಹೋದೀತು, ಮಿಲ್ ಓಡಿಸುವ ಖರ್ಚೆಷ್ಟು, ಬೇಳೆಗೆ ಇವತ್ತು ದರ ಎಷ್ಟು, ಎಲ್ಲ ಲೆಕ್ಕ ತಲೆಯಲ್ಲೇ ಮುಗಿಯುತ್ತದೆ. ಇದಕ್ಕಿಂತ ಕೆಳಗಿನ ಮಾಲು ತಗೊಂಡರೆ ಮಿಲ್ ಓಡಿಸಿದ್ದೇ ದಂಡ ಅನ್ನುವ ಒಂದು ಗೆರೆ ಅವರ ಮನಸ್ಸಿನಲ್ಲಿ ಇರುತ್ತದೆ.

ಗಣಿಯಲ್ಲಿ ಆ ಗೆರೆಗೆ ಕಟ್ ಆಫ್ ಗ್ರೇಡ್ ಅನ್ನುತ್ತಾರೆ. ಗೆರೆಯ ಮೇಲಿದ್ದರೆ ಅದಿರು, ಕೆಳಗಿದ್ದರೆ ಬರೀ ಕಲ್ಲು. ಈ ಗೆರೆ ಕಲ್ಲಿನೊಳಗೆ ಎಲ್ಲೂ ಬರೆದಿಲ್ಲ. ಖರ್ಚು ಮತ್ತು ದರ ಸೇರಿ ಅದನ್ನು ಎಳೆಯುತ್ತವೆ. ಅದಕ್ಕೇ ಅದು ನಿಂತಲ್ಲಿ ನಿಲ್ಲುವುದಿಲ್ಲ. ಸೇಡಂ, ಮಳಖೇಡ, ವಾಡಿ ಸುತ್ತಮುತ್ತ ಸುಣ್ಣದ ಕಲ್ಲಿನ ಗಣಿಗಳಲ್ಲಿ ಕೆಲಸಕ್ಕೆ ಸೇರುವ ನಮ್ಮ ಹುಡುಗ ಹುಡುಗಿಯರು ಇದನ್ನು ಮೊದಲ ದಿನವೇ ತಿಳಿದುಕೊಳ್ಳಬೇಕು ಅನ್ನುವುದು ನನ್ನ ಆಸೆ.

ಮೊದಲು ಸ್ಯಾಂಪಲ್

ಸ್ಯಾಂಪಲ್ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ಸುಮ್ನೆ. ಸ್ಫೋಟಕ್ಕೆ ರಂಧ್ರ ಕೊರೆಯುವಾಗ ಪುಡಿ ಮೇಲೆ ಬಂದು ರಂಧ್ರದ ಬಾಯಿಯ ಸುತ್ತ ಬಳೆಯ ಹಾಗೆ ಗುಡ್ಡೆಯಾಗುತ್ತದೆ. ಮೊದಲು ಕೊರೆದ ಮೇಲ್ಪದರದ ಪುಡಿ ಗುಡ್ಡೆಯ ತಳದಲ್ಲಿರುತ್ತದೆ. ಕೊನೆಗೆ ಬಂದ ಆಳದ ಪುಡಿ ಎಲ್ಲಕ್ಕಿಂತ ಮೇಲೆ. ದಪ್ಪ ಚೂರು ಹತ್ತಿರ ಬೀಳುತ್ತದೆ, ಹಿಟ್ಟಿನಂಥ ಪುಡಿ ದೂರ ಹೋಗುತ್ತದೆ. ಹಾಗಾಗಿ ಮೇಲಿಂದ ಒಂದು ಹಿಡಿ ಎತ್ತಿದರೆ ಸಾಲದು. ಕಲ್ಲಂಗಡಿ ಹೋಳು ಕತ್ತರಿಸಿದ ಹಾಗೆ ಒಳ ಅಂಚಿನಿಂದ ಹೊರ ಅಂಚಿನವರೆಗೆ, ತಳ ಮುಟ್ಟುವಂತೆ ಸಲಿಕೆ ಇಳಿಸಬೇಕು. ಒಂದೇ ಕಡೆ ಅಲ್ಲ, ಸುತ್ತ ನಾಲ್ಕು ಕಡೆ.

ನಾನು ಹೊಸಬನಾಗಿದ್ದಾಗ ನೋಡಲು ಚೆನ್ನಾಗಿದ್ದ ಬೂದು ಪುಡಿಯನ್ನಷ್ಟೇ ಚೀಲಕ್ಕೆ ತುಂಬುತ್ತಿದ್ದೆ. ಡ್ರಿಲ್ ಹತ್ತಿರ ನಿಂತಿದ್ದ ಹಿರಿಯರೊಬ್ಬರು ಕೇಳಿದರು: "ಸಾಹೇಬ್ರ, ಕೆಂಪಂದು ಯಾಕ ಬಿಟ್ರಿ? ಅದೂ ಇದೇ ತೂತಿನಾಗಿಂದ ಬಂದದಲ್ರೀ." ಅವರ ಮಾತು ಸರಿ ಇತ್ತು. ನಮ್ಮ ಭಾಗದ ಸುಣ್ಣದ ಕಲ್ಲು ಪದರ ಪದರವಾಗಿದೆ. ನಡುನಡುವೆ ಜೇಡಿಯ ತೆಳು ಪಟ್ಟಿ ಬರುತ್ತದೆ. ಲಾರಿಗೆ ತುಂಬುವಾಗ ಆ ಜೇಡಿಯೂ ಕಲ್ಲಿನ ಜೊತೆಗೇ ಹೋಗುತ್ತದೆ. ಸ್ಯಾಂಪಲ್‌ನಲ್ಲಿ ಅದನ್ನು ಬಿಟ್ಟರೆ ಲ್ಯಾಬ್ ತೋರಿಸುವುದು ಗಣಿಯಲ್ಲಿ ಇಲ್ಲದ ಕಲ್ಲನ್ನು.

ಪುಡಿಯನ್ನು ಚೆನ್ನಾಗಿ ಕಲಸಿ, ಗುಡ್ಡೆ ಮಾಡಿ, ಚಪ್ಪಟೆ ಒತ್ತಿ, ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡು ಬಿಡಿ. ಬೇಕಾದಷ್ಟು ಸಣ್ಣದಾಗುವವರೆಗೆ ಹೀಗೇ ಮಾಡಿ ಲ್ಯಾಬ್‌ಗೆ ಕಳಿಸಿ. ಸ್ಥಳದಲ್ಲೇ ಒಂದು ಹನಿ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ನೋಡಬಹುದು. ಸುಣ್ಣದ ಕಲ್ಲು ಜುಯ್ ಅಂತ ನೊರೆ ಎಬ್ಬಿಸುತ್ತದೆ. ಮೆಗ್ನೀಷಿಯಂ ಜಾಸ್ತಿ ಇರುವ ಡೋಲಮೈಟ್ ಕಲ್ಲಾದರೆ ಪುಡಿ ಮಾಡಿದ ಮೇಲೇ ಸ್ವಲ್ಪ ನೊರೆ. ಕಲ್ಲಿನ ಜಾತಿ ಗೊತ್ತಾಗುತ್ತದೆ ಅಷ್ಟೇ, ಶೇಕಡಾವಾರು ಲ್ಯಾಬ್‌ನಿಂದಲೇ ಬರಬೇಕು.

ಲೋಹಕ್ಕೆ ಲೆಕ್ಕ ಹೇಗೆ?

ಹತ್ತಿರದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಾರೆ ಅಲ್ವಾ, ಚಿನ್ನವನ್ನೇ ಇಟ್ಟುಕೊಂಡು ಲೆಕ್ಕ ಮಾಡೋಣ. ಅಂಕಿಗಳು ಯಾವ ಗಣಿಯದೂ ಅಲ್ಲ, ಲೆಕ್ಕ ಸುಲಭವಾಗಲಿ ಅಂತ ನಾನೇ ಹಾಕಿಕೊಂಡವು.

ಒಂದು ಟನ್ ಕಲ್ಲು ಒಡೆದು ಮೇಲೆ ತರಲು 3,000 ರೂಪಾಯಿ. ಅರೆದು ಚಿನ್ನ ತೆಗೆಯಲು 2,000. ಕಚೇರಿ, ಸಂಬಳ, ಇತರೆ 1,000. ಒಟ್ಟು 6,000. ರಾಯಲ್ಟಿ, ಶುದ್ಧೀಕರಣ ಕಳೆದು ಗ್ರಾಂಗೆ ಕೈಗೆ ಬರುವುದು 7,500 ಅಂತಿಟ್ಟುಕೊಳ್ಳಿ. ಆದರೆ ಕಲ್ಲಿನಲ್ಲಿರುವ ಚಿನ್ನವೆಲ್ಲ ಸಿಗುವುದಿಲ್ಲ. ರಿಕವರಿ ಶೇ 80 ಅಂದರೆ, ಕಲ್ಲಿನಲ್ಲಿರುವ ಪ್ರತಿ ಗ್ರಾಂಗೆ ನಿಜಕ್ಕೂ ಸಿಗುವುದು 6,000.

ಒಟ್ಟು ಖರ್ಚನ್ನು ಇದರಿಂದ ಭಾಗಿಸಿ: 6,000 ÷ 6,000 = 1. ಅಂದರೆ ಟನ್‌ಗೆ 1 ಗ್ರಾಂ ಕಟ್ ಆಫ್. ದರ ಬಿದ್ದು ಕೈಗೆ 5,000 ಮಾತ್ರ ಬಂದರೆ? 5,000ದ ಶೇ 80 ಅಂದರೆ 4,000. ಕಟ್ ಆಫ್ 1.5 ಗ್ರಾಂಗೆ ಏರುತ್ತದೆ. ನಿನ್ನೆ ಅದಿರಾಗಿದ್ದ 1.2 ಗ್ರಾಂ ಕಲ್ಲು ಇವತ್ತು ಬರೀ ಕಲ್ಲು. ಕೋಲಾರದ ಗಣಿ 2001ರಲ್ಲಿ ಮುಚ್ಚಿದಾಗಲೂ ನೆಲದಡಿ ಚಿನ್ನ ಪೂರ್ತಿ ಮುಗಿದಿರಲಿಲ್ಲ. ತೆಗೆಯುವ ಖರ್ಚು ಸಿಗುವ ಚಿನ್ನದ ಬೆಲೆಯನ್ನು ದಾಟಿತ್ತು.

ಇಲ್ಲಿ ಜಾಸ್ತಿ ಜನ ಎಡವುವುದು ಎರಡು ಕಡೆ. ಒಂದು, ಕಲಬೆರಕೆ. 100 ಟನ್ ಅದಿರಿನ ಜೊತೆ ಅಕ್ಕಪಕ್ಕದ 20 ಟನ್ ಖಾಲಿ ಕಲ್ಲು ಬಂದರೆ, ಅದಿರು ಅರೆಯುವ ಮಿಲ್‌ಗೆ ಟನ್‌ಗೆ 1 ಗ್ರಾಂ ಮುಟ್ಟಬೇಕಾದರೆ ಗಣಿಯ ಗೋಡೆಯಲ್ಲಿರುವ ಅದಿರಿನಲ್ಲಿ 1.2 ಗ್ರಾಂ ಇರಬೇಕು. ಇನ್ನೊಂದು, ಹೇಗಿದ್ದರೂ ಒಡೆದು ಮೇಲೆ ತಂದಾಗಿರುವ ಕಲ್ಲು. ಅದರ 3,000 ಖರ್ಚಾಗಿಯೇ ಹೋಗಿದೆ. ಈಗ ಕೇಳಬೇಕಾದ್ದು ಅರೆಯುವ ಖರ್ಚು ಮತ್ತು ಇತರೆ ಖರ್ಚು ಹುಟ್ಟುತ್ತದಾ ಅಂತ ಮಾತ್ರ. 3,000 ÷ 6,000, ಅಂದರೆ ಅರ್ಧ ಗ್ರಾಂ ಇದ್ದರೂ ಮಿಲ್‌ಗೆ ಹಾಕಬಹುದು. ಆದರೆ ಮಿಲ್‌ನಲ್ಲಿ ಜಾಗ ಖಾಲಿ ಇರಬೇಕು. ಒಳ್ಳೆ ಅದಿರು ಸಾಲು ನಿಂತಿರುವಾಗ ಅರ್ಧ ಗ್ರಾಂ ಕಲ್ಲು ಅರೆದರೆ ಒಳ್ಳೆಯದರ ಪಾಳಿ ತಪ್ಪುತ್ತದೆ.

ನಮ್ಮ ಸುಣ್ಣದ ಕಲ್ಲಿಗೆ

ಸಿಮೆಂಟ್ ಕಾರ್ಖಾನೆಗೆ ಹೋಗುವ ಕಲ್ಲಿನಲ್ಲಿ ಲೆಕ್ಕ ಬೇರೆ. ಇಲ್ಲಿ ಮುಖ್ಯ ಪ್ರಶ್ನೆ ದರದ್ದಲ್ಲ, ಮಿಶ್ರಣದ್ದು. ಶುದ್ಧ ಸುಣ್ಣದ ಕಲ್ಲಿನಲ್ಲಿ ಕ್ಯಾಲ್ಸಿಯಂ ಆಕ್ಸೈಡ್ ಶೇ 56 ಇರುತ್ತದೆ, ಉಳಿದ ಶೇ 44 ಗೂಡಿನಲ್ಲಿ ಅನಿಲವಾಗಿ ಹಾರಿಹೋಗುತ್ತದೆ. ಗಣಿಯ ಕಲ್ಲು ಅಷ್ಟು ಶುದ್ಧ ಇರುವುದಿಲ್ಲ.

ಕಾರ್ಖಾನೆ ಶೇ 42 ಕೇಳಿದೆ ಅನ್ನಿ. ಗಣಿಯ ಒಂದು ಮುಖದಲ್ಲಿ, ಅಂದರೆ ಕಲ್ಲು ಒಡೆಯುವ ಗೋಡೆಯಲ್ಲಿ, 44ರ ಕಲ್ಲಿದೆ, ಇನ್ನೊಂದರಲ್ಲಿ 36ರದ್ದು. 36ರದ್ದನ್ನು ಬಿಸಾಕಬೇಕಾ? ಬೇಡ. 44ರ ಮೂರು ಲಾರಿಗೆ 36ರ ಒಂದು ಲಾರಿ ಬೆರೆಸಿ. 132ಕ್ಕೆ 36 ಸೇರಿಸಿದರೆ 168, ನಾಲ್ಕರಿಂದ ಭಾಗಿಸಿದರೆ ಸರಿಯಾಗಿ 42. ಒಳ್ಳೆ ಮುಖದಲ್ಲಿ 46 ಸಿಕ್ಕರೆ ಇನ್ನೂ ಅನುಕೂಲ, ಮೂರು ಲಾರಿಗೆ ಎರಡು ಲಾರಿ ಕಡಿಮೆ ಗ್ರೇಡ್ ಹಿಡಿಯುತ್ತದೆ. ಅಂದರೆ 36ರ ಕಲ್ಲು ಅದಿರು ಹೌದೋ ಅಲ್ಲವೋ ಅನ್ನುವುದನ್ನು ಅದರ ಪಕ್ಕದ ಕಲ್ಲು ತೀರ್ಮಾನಿಸುತ್ತದೆ. ಬರೀ ಒಳ್ಳೆಯದನ್ನೇ ಆರಿಸಿ ಕಳಿಸಿದರೆ ಗಣಿಯ ಆಯಸ್ಸನ್ನು ನಾವೇ ಕತ್ತರಿಸಿದಂತೆ.

ಮೆಗ್ನೀಷಿಯಂಗೆ ಗೆರೆ ಉಲ್ಟಾ. ಇದಕ್ಕಿಂತ ಜಾಸ್ತಿ ಇರಬಾರದು ಅನ್ನುವ ಗೆರೆ ಅದು. ನಮ್ಮ ದೇಶದ ಮಾನದಂಡದಲ್ಲಿ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್‌ಗೆ ಮೆಗ್ನೀಷಿಯಂ ಆಕ್ಸೈಡ್ ಮಿತಿ ಶೇ 6. ಗೂಡಿನಲ್ಲಿ ಸುಟ್ಟು ಬರುವ ಗಟ್ಟಿ ಉಂಡೆಗೆ ಕ್ಲಿಂಕರ್ ಅನ್ನುತ್ತಾರೆ, ಅದನ್ನು ಅರೆದರೆ ಸಿಮೆಂಟ್. ಒಂದು ಟನ್ ಕ್ಲಿಂಕರ್‌ಗೆ ಸುಮಾರು ಒಂದೂವರೆ ಟನ್ ಕಚ್ಚಾ ಮಾಲು ಬೇಕು. ಅನಿಲ ಹಾರಿಹೋಗಿ ತೂಕ ಇಳಿದಂತೆ ಮೆಗ್ನೀಷಿಯಂ ಪಾಲು ಒಂದೂವರೆ ಪಟ್ಟು ಏರುತ್ತದೆ. ಕಚ್ಚಾ ಮಿಶ್ರಣದಲ್ಲಿ 4 ಇದ್ದರೆ ಕ್ಲಿಂಕರ್‌ನಲ್ಲಿ ಆಗಲೇ 6ಕ್ಕೆ ಬಂದು ನಿಂತಿರುತ್ತದೆ. ಹಾಗಾಗಿ ಗೆರೆಯನ್ನು 4ಕ್ಕಿಂತ ಸಾಕಷ್ಟು ಕೆಳಗೇ ಇಟ್ಟುಕೊಳ್ಳಿ.

ಗೆರೆಯ ಕೆಳಗಿನದನ್ನು ಏನು ಮಾಡಬೇಕು?

ಬೇರೆ ರಾಶಿ ಹಾಕಬೇಕು. ಕಾನೂನೂ ಇದನ್ನೇ ಹೇಳುತ್ತದೆ. ಗಣಿ ತನ್ನ ಕಟ್ ಆಫ್ ಎಲ್ಲಿಟ್ಟುಕೊಂಡರೂ, ಭಾರತೀಯ ಗಣಿ ಬ್ಯೂರೋ ಪ್ರಮುಖ ಖನಿಜಗಳಿಗೆ ಒಂದೊಂದು ಕನಿಷ್ಠ ಮಿತಿ ಗೊತ್ತು ಮಾಡಿದೆ. ಹೆಮಟೈಟ್ ಕಬ್ಬಿಣದ ಅದಿರಿಗೆ ಅದು ಶೇ 45. ಆ ಮಿತಿಗಿಂತ ಮೇಲಿದ್ದು ಈಗ ಮಾರಾಟವಾಗದ ಮಾಲನ್ನು ಮಣ್ಣಿನ ಜೊತೆ ಸುರಿಯುವಂತಿಲ್ಲ.

ನಾನು ಮೊದಲು ಕೆಲಸ ಮಾಡಿದ ಗಣಿಯಲ್ಲಿ 36, 37ರ ಕಲ್ಲನ್ನು ಮೇಲ್ಮಣ್ಣಿನ ಗುಡ್ಡೆಗೇ ಸುರಿದಿದ್ದರು. ಎರಡು ವರ್ಷದ ನಂತರ 46ರ ಮುಖ ತೆರೆಯಿತು. ಬೆರೆಸಲು ಆ ಕಲ್ಲು ಬೇಕಾಯಿತು. ಅಗೆದು ನೋಡಿದರೆ ಪ್ರತಿ ಬಕೆಟ್‌ನಲ್ಲೂ ಕರಿ ಮಣ್ಣು. ಲ್ಯಾಬ್‌ನಲ್ಲಿ ಸಿಲಿಕಾ ಮಿತಿ ಮೀರಿತು. ಒಂದು ಲಾರಿಯನ್ನೂ ವಾಪಸ್ ತರಲಾಗಲಿಲ್ಲ. ನಮ್ಮೂರ ಹೊಲದಡಿ ಇದ್ದ ಕಲ್ಲು ಅದು, ಹೊಟ್ಟೆ ಉರಿಯಿತು.

ಅಂದಿನಿಂದ ಕಡಿಮೆ ಗ್ರೇಡಿನ ರಾಶಿಗೆ ಸಮತಟ್ಟು ಜಾಗ ಮೊದಲೇ ಗುರುತಿಸುತ್ತೇನೆ. ಮಳೆ ನೀರು ನುಗ್ಗದಂತೆ ಸುತ್ತ ಕಾಲುವೆ ತೆಗೆಸುತ್ತೇನೆ. ರಾಶಿಯ ಮುಂದೆ ಒಂದು ತಗಡಿನ ಬೋರ್ಡ್: ಯಾವ ಮುಖದ ಕಲ್ಲು, ಎಷ್ಟು ಟನ್, ಕ್ಯಾಲ್ಸಿಯಂ ಎಷ್ಟು, ಮೆಗ್ನೀಷಿಯಂ ಎಷ್ಟು, ಸಿಲಿಕಾ ಎಷ್ಟು, ಸುರಿದ ತಿಂಗಳು. ಮೂರು ತಿಂಗಳಿಗೊಮ್ಮೆ ಖರ್ಚು, ದರ, ಕಾರ್ಖಾನೆ ಕೇಳುವ ಗ್ರೇಡ್ ಹೊಸದಾಗಿ ಹಾಕಿ ಲೆಕ್ಕ ಮಾಡಿದಾಗ, ಮೊದಲು ಹೋಗಿ ನೋಡುವುದು ಆ ಬೋರ್ಡನ್ನೇ.